ಸಿ.ಡಿ. ಓದುವ ಪೆಟ್ಟಿಗೆ

ಹೊರನಾಡಿನಲ್ಲಿ ಸಂಸಾರ ಹೂಡಿದ ಕನ್ನಡಿಗನು ಒಂದು ಬಾಡಿಗೆ ಮನೆಯಿಂದ ಇನ್ನೊಂದಕ್ಕೆ ಹೋಗುವಾಗ ಎಷ್ಟೋ ಸಾಮಾನುಗಳನ್ನು ರದ್ದಿಯವನಿಗೆ ಹಾಕಿ ಹೋಗುತ್ತಾನೆ. ಆದರೆ ಊರಿನಿಂದ ತಂದ ಹಿತ್ತಾಳೆಯ ಕೊಡವನ್ನು ಬಿಡುವುದಿಲ್ಲ. ಮದುವೆಯಾದದ್ದು 2000ದ ನಂತರವಾದರೆ ಸಿ.ಡಿ. ತುಂಬಿದ ಒಂದು ಡಬ್ಬಿಯನ್ನೂ ಬಿಡುವುದಿಲ್ಲ. ಕೊಡವಾದರೂ ಹಬ್ಬ-ಹುಣ್ಣಿಮೆಗೆ ಬಳಕೆಯಾಗುತ್ತದೆ. ಈ ಡಬ್ಬಿಯನ್ನು ಯಾರೂ ತೆರೆಯುವುದಿಲ್ಲ, ಯಾರೂ ಎಸೆಯುವುದೂ ಇಲ್ಲ. ಪುಣೆಯಲ್ಲಿರುವ ನಮ್ಮ ಬಳಗದ ಹತ್ತು ಮನೆಗಳನ್ನು ಹುಡುಕಿದರೆ ಎಂಟರಲ್ಲಾದರೂ ಕಪಾಟಿನ ಮೇಲಿನ ಖಾನೆಯಲ್ಲಿ ಅದು ಸಿಕ್ಕೀತು.

ನಮ್ಮ ಮನೆಯ ಡಬ್ಬಿಯಲ್ಲಿ ಎಣಿಸಿದರೆ ಅರವತ್ತಮೂರು ತಟ್ಟೆಗಳಿದ್ದವು. ಹುಬ್ಬಳ್ಳಿಯಲ್ಲಿ 2007ರಲ್ಲಾದ ನಮ್ಮ ಮದುವೆಯ ಮೂರು ಡಿ.ವಿ.ಡಿ.ಗಳು, ಮಗಳ ತೊಟ್ಟಿಲ ಕಾರ್ಯದ ಒಂದು ಚಿಕ್ಕ ತಟ್ಟೆ, ಗದಗಿನ ಕಡೆಯಿಂದ ಬಂದು ಪುಣೆಯನ್ನೇ ಮನೆ ಮಾಡಿಕೊಂಡು 2011ರಲ್ಲಿ ಇಲ್ಲಿಯೇ ತೀರಿಕೊಂಡ ಪಂಡಿತ ಭೀಮಸೇನ ಜೋಶಿಯವರ ದಾಸವಾಣಿ, ಭಾವಗೀತೆಗಳು, ಕೆಲವು ನಾಟಕಗಳು. ಇವೆಲ್ಲವುಗಳ ಕೆಳಗೆ, ಬಿಳಿಯ ಕಾಗದದ ಲಕೋಟೆಯಲ್ಲಿ, ನನ್ನ ಸೋದರಮಾವ ನೀಲಿ ಮಾರ್ಕರಿನಿಂದ 'ಅವ್ವ — ಬೀಸುವ ಪದ' ಎಂದು ಬರೆದ ಒಂದು ಸಿ.ಡಿ.

ಇದರ ಕಥೆ ಇಷ್ಟು. ನಾನು ನೌಕರಿಗೆ ಸೇರಿದ ಹೊಸದರಲ್ಲಿ, 2004ರ ದೀಪಾವಳಿಗೆಂದು ನವಲಗುಂದ ತಾಲೂಕಿನ ನಮ್ಮ ಹಳ್ಳಿಗೆ ಹೋದಾಗ ಟೇಪ್ ರೆಕಾರ್ಡರ್ ಒಯ್ದಿದ್ದೆ. ಆ ವೇಳೆಗೆ ಊರಿಗೆ ಗಿರಣಿ ಬಂದು ಎಷ್ಟೋ ವರ್ಷಗಳಾಗಿದ್ದವು. ಬೀಸುವ ಕಲ್ಲು ಹಿತ್ತಲಲ್ಲಿ ಮಳೆ ತಿನ್ನುತ್ತ ಬಿದ್ದಿತ್ತು. ಆದರೆ ಪದಗಳು ಅವ್ವನ ಬಾಯಲ್ಲಿದ್ದವು. ಒತ್ತಾಯ ಮಾಡಿದ ಮೇಲೆ ಐದು ಪದ ಹಾಡಿದಳು. ಎರಡು ವರ್ಷಗಳ ನಂತರ ಮಾವ ಆ ಕ್ಯಾಸೆಟ್ಟನ್ನು ಧಾರವಾಡದ ಒಂದು ಅಂಗಡಿಯಲ್ಲಿ ಸಿ.ಡಿ.ಗೆ ಇಳಿಸಿಕೊಟ್ಟ. ಮೂಲ ಕ್ಯಾಸೆಟ್ಟಿಗೆ ಬೂಸು ಹಿಡಿಯಿತು. 2012ರಲ್ಲಿ ಅವ್ವ ಹೋದಳು. ಹೀಗಾಗಿ ಅವಳ ದನಿ ಎಂಬುದು ಜಗತ್ತಿನಲ್ಲಿ ಉಳಿದದ್ದು ಆ ಒಂದು ತಟ್ಟೆಯಲ್ಲಿ ಮಾತ್ರ. ಪುಣೆಯಲ್ಲಿ ಹುಟ್ಟಿ, ಶಾಲೆಯಲ್ಲಿ ಮರಾಠಿ-ಇಂಗ್ಲಿಷ್ ಆಡಿ ಬರುವ ನನ್ನ ಮಗಳು ಅಜ್ಜಿಯ ಮಾತನ್ನು ನೆನಪಿರುವಂತೆ ಕೇಳಿದವಳೇ ಅಲ್ಲ. ಮೊನ್ನೆ ಲಕೋಟೆಯನ್ನು ಕೈಯಲ್ಲಿ ಹಿಡಿದುಕೊಂಡು, "ಅಪ್ಪಾ, ಇದನ್ನ ಎಲ್ಲೆ ಹಾಕ್ತಾರ?" ಎಂದು ಕೇಳಿದಳು.

ಪ್ರಶ್ನೆ ನ್ಯಾಯವಾದದ್ದೇ. ಮನೆಯಲ್ಲಿರುವ ಲ್ಯಾಪ್‌ಟಾಪಿಗೆ ಸಿ.ಡಿ. ಹಾಕುವ ಬಾಯಿಯೇ ಇಲ್ಲ. 1982ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಈ ತಟ್ಟೆ ಇಪ್ಪತ್ತೈದು ವರ್ಷ ರಾಜ್ಯವಾಳಿತು. 2008ರಲ್ಲಿ ಆಪಲ್ ಕಂಪನಿಯು ಮ್ಯಾಕ್‌ಬುಕ್ ಏರ್ ಎಂಬ ತೆಳ್ಳಗಿನ ಲ್ಯಾಪ್‌ಟಾಪನ್ನು ಡ್ರೈವ್ ಇಲ್ಲದೆಯೇ ಹೊರತಂದಾಗ ಜನ ಹುಬ್ಬೇರಿಸಿದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಅದೇ ದಾರಿ ಹಿಡಿದರು. ಯಂತ್ರ ತೆಳ್ಳಗಾಗಬೇಕು, ಸಾಫ್ಟ್‌ವೇರ್ ಅಂತರ್ಜಾಲದಿಂದ ಇಳಿಯುತ್ತದೆ, ಫೈಲು ಒಯ್ಯಲು ಪೆನ್‌ಡ್ರೈವ್ ಇದೆ. ಇನ್ನು ಈ ತಿರುಗುವ ತಟ್ಟೆ ಯಾರಿಗೆ ಬೇಕು? ಸೋನಿ ಕಂಪನಿಯವರು ಸಹ 2025ರ ಫೆಬ್ರುವರಿಯಲ್ಲಿ ಬರೆಯಬಲ್ಲ ಬ್ಲೂ-ರೇ ತಟ್ಟೆಗಳ ತಯಾರಿಕೆಯನ್ನು ನಿಲ್ಲಿಸಿದರು.

ಇರಲಿ ಬಿಡಿ, ಡಬ್ಬಿ ಇನ್ನೂ ಹತ್ತು ವರ್ಷ ಕಪಾಟಿನಲ್ಲಿದ್ದರೆ ಏನಾಯಿತು ಎನ್ನುವವರಿದ್ದಾರೆ. ಅಂಗಡಿಯಲ್ಲಿ ಕೊಂಡ ಸಿ.ಡಿ.ಯ ಮಟ್ಟಿಗೆ ಆ ಮಾತು ಸ್ವಲ್ಪ ನಡೆದೀತು. ಅದರಲ್ಲಿ ಪ್ಲಾಸ್ಟಿಕ್ಕಿನ ಮೇಲೆಯೇ ಸೂಕ್ಷ್ಮವಾದ ಕುಳಿಗಳನ್ನು ಅಚ್ಚೊತ್ತಿರುತ್ತಾರೆ. ನಾವು ಮನೆಯಲ್ಲಿ ಅಥವಾ ಸ್ಟುಡಿಯೋದಲ್ಲಿ ಬರೆಯಿಸಿದ ತಟ್ಟೆಯ ಸಂಗತಿ ಬೇರೆ. ಅದರಲ್ಲಿ ಕುಳಿಗಳಿಲ್ಲ, ಒಂದು ಬಗೆಯ ಬಣ್ಣದ ಪದರವಿದೆ, ಲೇಸರ್ ಕಿರಣ ಅದನ್ನು ಚುಕ್ಕೆ ಚುಕ್ಕೆಯಾಗಿ ಸುಟ್ಟು ಗುರುತು ಮಾಡುತ್ತದೆ. ಬಣ್ಣವೆಂದ ಮೇಲೆ ಬಿಸಿಲು, ಸೆಕೆ, ತೇವಗಳಿಗೆ ಮಾಸಲೇಬೇಕು. ಪುಣೆಯ ನಾಲ್ಕು ತಿಂಗಳ ಮಳೆಗಾಲದಲ್ಲಿ ಕಪಾಟಿನ ಚರ್ಮದ ಚಪ್ಪಲಿಗೆ ಬೂಸು ಬರುವುದನ್ನು ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಕಳೆದುಕೊಂಡ ಮೇಲೆ ಹುಡುಕುವುದು ನಮ್ಮವರ ಹಳೆಯ ರೂಢಿ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತಯಾರಾದದ್ದು ನಮ್ಮ ನೆರೆಯ ಕೊಲ್ಹಾಪುರದ ಸ್ಟುಡಿಯೋದಲ್ಲಿ. ತೆರೆ ಕಂಡದ್ದು 1934ರ ಮಾರ್ಚ್ 3ರಂದು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಇಂಥವುಗಳನ್ನು ಉಳಿಸಲೆಂದೇ 1964ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇದೇ ಪುಣೆಯಲ್ಲಿದೆ. ಅಲ್ಲಿಯ ಎಷ್ಟೋ ಹಳೆಯ ಸುರುಳಿಗಳು ಸಹ 2003ರ ಬೆಂಕಿಗೆ ಆಹುತಿಯಾದವು. ಅಷ್ಟು ದೊಡ್ಡವರ ಸೊತ್ತಿಗೇ ಹೀಗಾದರೆ ನಮ್ಮ ಕಪಾಟಿನ ಡಬ್ಬಿಯ ಪಾಡೇನು?

ಆದ್ದರಿಂದ, ಲ್ಯಾಪ್‌ಟಾಪಿಗೆ ಹೊರಗಿನಿಂದ ಜೋಡಿಸುವ ಒಂದು ಡ್ರೈವ್ ಕೊಳ್ಳುವುದೆಂದು ನಿರ್ಧಾರವಾಯಿತು. ಕೇಂದ್ರ ಸರಕಾರದ ಗುಮಾಸ್ತನಿಗೆ ಖರೀದಿಯೆಂದರೆ ಮೂರು ಕೊಟೇಶನ್ ಮತ್ತು ಒಂದು ತಖ್ತೆ. ಹಾಳೆಯ ಮೇಲೆ ಗೆರೆ ಹೊಡೆದು ಕೂತದ್ದನ್ನು ಕಂಡು ನನ್ನಾಕೆ, "ಅದೇನ್ರೀ, ಒಂದು ಡಬ್ಬಿ ತಗೋಳಾಕ ಟೆಂಡರ್ ಕರದೀರೇನು?" ಎಂದಳು. ಆದರೆ ಆ ತಖ್ತೆಯಿಂದ ಲಾಭವಾಯಿತು. ಓದುಗರಿಗೂ ಆದೀತೆಂದು ಅದರ ಸಾರಾಂಶವನ್ನು ಇಲ್ಲಿ ಕೊಡುತ್ತೇನೆ.

ಮೊದಲನೆಯ ಪ್ರಶ್ನೆ: ಡಿ.ವಿ.ಡಿ. ಡ್ರೈವೋ, ಬ್ಲೂ-ರೇ ಡ್ರೈವೋ? ಬಿ.ಎಸ್‌ಸಿ.ಯಲ್ಲಿ ಕಲಿತ ಭೌತಶಾಸ್ತ್ರ ಕಚೇರಿಯಲ್ಲಿ ಎಂದೂ ಕೆಲಸಕ್ಕೆ ಬರಲಿಲ್ಲ, ಇಲ್ಲಿ ಬಂದಿತು. ಸಿ.ಡಿ.ಯನ್ನು ಓರೆಯಾಗಿ ಹಿಡಿದಾಗ ಕಾಣುವ ಕಾಮನಬಿಲ್ಲಿಗೆ ಕಾರಣ ಅದರ ಸುರುಳಿ ಗೆರೆಗಳು. ಒಂದು ಗೆರೆಗೂ ಇನ್ನೊಂದಕ್ಕೂ ನಡುವೆ ಮಿಲಿಮೀಟರಿನ ಸಾವಿರದಲ್ಲಿ 1.6 ಭಾಗದಷ್ಟೇ ಅಂತರ. ಇದನ್ನು ಓದಲು 780 ನ್ಯಾನೊಮೀಟರಿನ ಲೇಸರ್ ಸಾಕು. ಡಿ.ವಿ.ಡಿ.ಯ ಗೆರೆಗಳು ಇನ್ನೂ ಒತ್ತಾಗಿರುವುದರಿಂದ 650 ನ್ಯಾನೊಮೀಟರಿನ ಕೆಂಪು ಕಿರಣ ಬೇಕು. ಬ್ಲೂ-ರೇಗೆ 405ರ ನೇರಳೆ ಕಿರಣ. ಕಿರಣ ಸಣ್ಣದಾದಷ್ಟೂ ಅಕ್ಷರ ಸಣ್ಣದು, ಹಿಡಿಯುವ ಸರಕು ಹೆಚ್ಚು: ಸಿ.ಡಿ.ಗೆ 700 ಮೆಗಾಬೈಟ್, ಡಿ.ವಿ.ಡಿ.ಗೆ 4.7 ಗಿಗಾಬೈಟ್, ಬ್ಲೂ-ರೇಗೆ 25 ಗಿಗಾಬೈಟ್. ಡಿ.ವಿ.ಡಿ. ಡ್ರೈವಿನಲ್ಲಿ ಮೊದಲಿನ ಎರಡು ಕಿರಣಗಳಿರುತ್ತವೆ, ಮೂರನೆಯದು ಇರುವುದಿಲ್ಲ. ಡಬ್ಬಿಯಲ್ಲಿ ಒಂದೂ ಬ್ಲೂ-ರೇ ತಟ್ಟೆ ಇಲ್ಲದ ಮೇಲೆ ಎಷ್ಟೋ ಪಟ್ಟು ಹೆಚ್ಚು ಹಣ ಕೊಟ್ಟು ಆ ಮೂರನೆಯ ಕಿರಣವನ್ನು ಮನೆಗೆ ತರುವುದು ವ್ಯರ್ಥ. ನಮ್ಮಂಥವರ ಮನೆಗೆ ಡಿ.ವಿ.ಡಿ. ಡ್ರೈವೇ ಸಾಕು.

ಎರಡನೆಯದು ವೇಗ. ಪೆಟ್ಟಿಗೆಯ ಮೇಲೆ 'ಯು.ಎಸ್.ಬಿ. 3' ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿ ಹೆಚ್ಚು ಬೆಲೆ ಕೇಳುತ್ತಾರೆ. ಲೆಕ್ಕ ಹಾಕಿ ನೋಡೋಣ. ಈ ತೆಳು ಡ್ರೈವುಗಳು ಡಿ.ವಿ.ಡಿ.ಯನ್ನು ಹೆಚ್ಚೆಂದರೆ ಎಂಟು ಪಟ್ಟು ವೇಗದಲ್ಲಿ ಓದುತ್ತವೆ. ಅಂದರೆ ಸೆಕೆಂಡಿಗೆ ಸುಮಾರು 11 ಮೆಗಾಬೈಟ್. ಹಳೆಯ ಯು.ಎಸ್.ಬಿ. 2 ಇದರ ಎರಡು-ಮೂರು ಪಟ್ಟನ್ನು ಸಲೀಸಾಗಿ ಸಾಗಿಸುತ್ತದೆ. ಗಾಡಿಯೇ ನಿಧಾನವಾಗಿರುವಾಗ ರಸ್ತೆಯನ್ನು ಎಷ್ಟು ಅಗಲ ಮಾಡಿದರೇನು? ವೇಗಕ್ಕೋಸ್ಕರ ಹೆಚ್ಚು ಹಣ ಕೊಡಬೇಕಾಗಿಲ್ಲ.

ಮೂರನೆಯದು ವಿದ್ಯುತ್ತು. ಇದೇ ನಿಜವಾದ ತೊಂದರೆ. ಈ ಡ್ರೈವಿಗೆ ಬೇರೆ ಪ್ಲಗ್ಗಿಲ್ಲ; ಕಂಪ್ಯೂಟರಿನಿಂದಲೇ ಕರೆಂಟು ಎಳೆದುಕೊಳ್ಳುತ್ತದೆ. ಯು.ಎಸ್.ಬಿ. 2ರ ಕಿಂಡಿ ಕೊಡಬೇಕಾದದ್ದು 500 ಮಿಲಿಆಂಪಿಯರ್, ಯು.ಎಸ್.ಬಿ. 3ರದು 900. ನಿಂತ ತಟ್ಟೆಯನ್ನು ತಿರುಗಿಸಲು ಆರಂಭಿಸುವಾಗ ಡ್ರೈವಿಗೆ ಒಮ್ಮೆಲೇ ಹೆಚ್ಚು ಬೇಕಾಗುತ್ತದೆ. ಸಿಗದಿದ್ದರೆ ಟಕ್ ಟಕ್ ಎಂದು ನಿಂತುಬಿಡುತ್ತದೆ. ಜನ ತಟ್ಟೆ ಕೆಟ್ಟಿತೆಂದು ಎಸೆಯುತ್ತಾರೆ. ಕೆಲವು ಡ್ರೈವುಗಳಿಗೆ ಎರಡು ಬಾಯಿಯ ಕೇಬಲ್ ಕೊಟ್ಟಿರುತ್ತಾರೆ. ಎರಡನ್ನೂ ಎರಡು ಕಿಂಡಿಗೆ ಸಿಕ್ಕಿಸಿದರೆ ಕೊರತೆ ನೀಗುತ್ತದೆ. ಒಂದು ಕಿಂಡಿಯನ್ನು ನಾಲ್ಕು ಮಾಡುವ ಅಗ್ಗದ ಹಬ್ಬಿಗೆ ಇದನ್ನು ಜೋಡಿಸಲೇಬಾರದು. ಹೊಸ ಲ್ಯಾಪ್‌ಟಾಪಿನಲ್ಲಿ ಚಪ್ಪಟೆಯಾದ ಟೈಪ್-ಸಿ ಕಿಂಡಿ ಮಾತ್ರ ಇದ್ದರೆ ಅದಕ್ಕೆ ಹೊಂದುವ ಕೇಬಲ್ ಜೊತೆಯಲ್ಲಿದೆಯೇ ಎಂಬುದನ್ನು ಅಂಗಡಿಯಲ್ಲಿಯೇ ಪೆಟ್ಟಿಗೆ ಬಿಚ್ಚಿಸಿ ನೋಡಬೇಕು.

ನಾಲ್ಕನೆಯದು ಬಾಯಿ. ತಟ್ಟೆಯನ್ನು ಸೀಳಿನೊಳಗೆ ತೂರಿಸುವ ಡ್ರೈವುಗಳು ನೋಡಲು ಚೆಂದ. ಆದರೆ ಮಗಳ ತೊಟ್ಟಿಲ ಕಾರ್ಯದ ತಟ್ಟೆ ಎಂಟು ಸೆಂಟಿಮೀಟರಿನದು. ಆಗಿನ ಕೆಲವು ಕ್ಯಾಮೆರಾಗಳು ಇಂಥ ಮರಿ ಡಿ.ವಿ.ಡಿ.ಯ ಮೇಲೆಯೇ ಬರೆಯುತ್ತಿದ್ದವು. ಸೀಳಿನೊಳಗೆ ಅದನ್ನು ಹಾಕಿದರೆ ಹೊರಬರದೆ ಸಿಕ್ಕಿಕೊಳ್ಳುವ ಭಯ. ಹೊರಕ್ಕೆ ಚಾಚುವ ತಟ್ಟೆಗಾಲಿನ, ನಡುವಿನ ಗುಬ್ಬಿಗೆ ಒತ್ತಿ ಕೂರಿಸುವ ಹಳೆಯ ಮಾದರಿಯೇ ಕ್ಷೇಮ. ಕರೆಂಟು ಹೋದರೂ ಸೂಜಿ ಚುಚ್ಚಿ ತೆರೆಯಲು ಅದರ ಮುಂದೆ ಒಂದು ಸಣ್ಣ ತೂತಿರುತ್ತದೆ.

ಹೀಗೆ ತಖ್ತೆ ತುಂಬಿಕೊಂಡು ಒಂದು ಶನಿವಾರ ಬುಧವಾರ ಪೇಟೆಯ ತಪ್ಕೀರ ಗಲ್ಲಿಗೆ ಹೋದೆ. "ಸಾಹೇಬ, ಆತಾ ಕೋಣ್ ಘೇತಂ ಹೇ?" ಎಂದು ಮೊದಲನೆಯ ಅಂಗಡಿಯವ ನಕ್ಕ. ಎರಡನೆಯವನಲ್ಲಿ ಹೆಸರಿಲ್ಲದ ಅಗ್ಗದ ಮಾಲಿತ್ತು. ಬಿಲ್ಲು, ಗ್ಯಾರಂಟಿ ಎರಡೂ ಇಲ್ಲ. ಮೂರನೆಯವ ಏಣಿ ಹತ್ತಿ, ಧೂಳು ಒರೆಸಿ, ಹೆಸರಾದ ಕಂಪನಿಯ ಒಂದು ಡ್ರೈವ್ ಇಳಿಸಿದ. ಎರಡು ಸಾವಿರಕ್ಕೆ ಸ್ವಲ್ಪ ಕಡಿಮೆ. ಕಿಸೆಯಲ್ಲಿ ಒಯ್ದಿದ್ದ ಒಂದು ಹಳೆಯ ಭಾವಗೀತೆಯ ಸಿ.ಡಿ.ಯನ್ನು ಅವನ ಕಂಪ್ಯೂಟರಿನಲ್ಲಿಯೇ ಹಾಕಿಸಿ, ಅರ್ಧ ಹಾಡು ಕೇಳಿ ಹಣ ಕೊಟ್ಟೆ. ಸರಕಾರಿ ನಿಯಮದಂತೆ ಅತಿ ಕಡಿಮೆ ದರದವನಿಗೆ ಕೊಡಬೇಕಾಗಿತ್ತು. ಸಂಸಾರದಲ್ಲಿ ಆ ನಿಯಮ ನಡೆಯುವುದಿಲ್ಲ.

ಕೊಂಡ ಮೇಲೆ ನಕಲು ಮಾಡುವಲ್ಲಿ ಎರಡು ಎಚ್ಚರಗಳಿವೆ. ಹಾಡಿನ ಸಿ.ಡಿ. ಹಾಕಿದರೆ ವಿಂಡೋಸಿನಲ್ಲಿ 'ಸಿ.ಡಿ.ಎ.' ಎಂಬ ಬಾಲದ ಫೈಲುಗಳು ಕಾಣುತ್ತವೆ. ಅವು ತಲಾ 44 ಬೈಟಿನ ವಿಳಾಸದ ಚೀಟಿಗಳು ಮಾತ್ರ, ಹಾಡು ಅವುಗಳಲ್ಲಿಲ್ಲ. ಅವನ್ನೇ ಪೆನ್‌ಡ್ರೈವಿಗೆ ಎಳೆದು, ಕೆಲಸ ಮುಗಿಯಿತೆಂದು ಸಿ.ಡಿ. ಎಸೆದವರಿದ್ದಾರೆ. ಹಾಡನ್ನು ಪ್ಲೇಯರಿನ 'ರಿಪ್' ಎಂಬ ಸೌಕರ್ಯದಿಂದಲೇ ಇಳಿಸಿಕೊಳ್ಳಬೇಕು. ಮದುವೆಯ ಡಿ.ವಿ.ಡಿ.ಯಾದರೆ ಒಳಗಿನ 'ವಿಡಿಯೋ ಟಿ.ಎಸ್.' ಎಂಬ ಫೋಲ್ಡರನ್ನು ಇಡಿಯಾಗಿ ನಕಲು ಮಾಡಬಹುದು, ವಿ.ಎಲ್.ಸಿ. ಎಂಬ ಉಚಿತ ಪ್ಲೇಯರ್ ಅದನ್ನು ತೋರಿಸುತ್ತದೆ. ತಟ್ಟೆ ಕೊಳೆಯಾಗಿದ್ದರೆ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ಗುಂಡಗೆ ಒರೆಸಬಾರದು. ಸುತ್ತು ಗೀರು ಬಿದ್ದರೆ ಒಂದೇ ಕಡೆಯ ಅಕ್ಷರಗಳು ಸಾಲಾಗಿ ಅಳಿಯುತ್ತವೆ.

ಅವ್ವನ ತಟ್ಟೆಯನ್ನು ಎಲ್ಲಕ್ಕಿಂತ ಕೊನೆಗೆ, ಕೈ ಪಳಗಿದ ಮೇಲೆ ಹಾಕಿದೆ. ನಾಲ್ಕು ಪದ ಸರಾಗವಾಗಿ ಬಂದವು. ಐದನೆಯದರ ನಡುವೆ ಡ್ರೈವ್ ಕೊಸರಾಡಿ ನಿಂತಿತು. ಸಿ.ಡಿ.ಯನ್ನು ಒಳಗಿನಿಂದ ಹೊರಕ್ಕೆ ಬರೆಯುತ್ತಾರೆ. ಆದ್ದರಿಂದ ಅಂಚು ಮಾಸಿದರೆ ಮೊದಲು ಹೋಗುವುದು ಕೊನೆಯ ಹಾಡು. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದಬಲ್ಲದೆಂದು ಕೆಳಗಿನ ಮನೆಯ ಕಾಕಾ ಅವರ ಹಳೆಯ ಕಂಪ್ಯೂಟರಿನಲ್ಲಿಯೂ ಹಾಕಿ ನೋಡಿದೆವು. ಅದು ಇನ್ನೊಂದು ನುಡಿಯಷ್ಟು ಮುಂದೆ ಹೋಯಿತು. ಉಳಿದದ್ದು ಬರಲಿಲ್ಲ, ಇನ್ನು ಬರುವುದೂ ಇಲ್ಲ.

ಬಂದದ್ದನ್ನು ರಾತ್ರಿ ಊಟವಾದ ಮೇಲೆ ಕೂತು ಕೇಳಿದೆವು. ಮೂರನೆಯ ಪದಕ್ಕೂ ನಾಲ್ಕನೆಯದಕ್ಕೂ ನಡುವೆ ಅವ್ವ ಹಾಡು ನಿಲ್ಲಿಸಿ, "ಸಾಕೇನೋ ತಮ್ಮಾ? ಒಲಿ ಮ್ಯಾಲೆ ಹಾಲು ಇಟ್ಟೀನಿ" ಎನ್ನುತ್ತಾಳೆ. ಆಚೆ ಎಲ್ಲೋ ಕೋಳಿ ಕೂಗುತ್ತದೆ. ಮಗಳು ಪದಗಳ ಅರ್ಥವನ್ನು ಹೆಚ್ಚು ಕೇಳಲಿಲ್ಲ. ಆ ಹಾಲಿನ ಮಾತನ್ನು ಮಾತ್ರ ಮೂರು ಸಲ ಹಾಕಿಸಿಕೊಂಡು, "ಅಜ್ಜಿ ನಿನ್ನಂಗs ಮಾತಾಡ್ತಾಳಲ್ಲಾ" ಎಂದಳು. ನಾನು ಅವ್ವನ ಹಾಗೆ ಮಾತಾಡುತ್ತೇನೆಂದು ತಿದ್ದಬೇಕೆನ್ನಿಸಿತು, ತಿದ್ದಲಿಲ್ಲ.

ಓದುಗ ಬಂಧುಗಳಲ್ಲಿ ನನ್ನದೊಂದು ಸೂಚನೆಯಿದೆ. ಕೈಬರಹದ ಹೆಸರಿರುವ ತಟ್ಟೆಗಳನ್ನು ಮೊದಲು ಇಳಿಸಿಕೊಳ್ಳಿರಿ. ಅಂಗಡಿಯ ತಟ್ಟೆಗಳು ಆಮೇಲಾದರೂ ನಡೆದೀತು, ಅವುಗಳ ಹಾಡು ಬೇರೆಡೆ ಸಿಕ್ಕೀತು. ನಕಲನ್ನು ಎರಡು ಕಡೆ ಇಡಿರಿ, ಒಂದು ನಿಮ್ಮಲ್ಲಿ, ಒಂದು ಊರಿನ ಅಣ್ಣ-ತಮ್ಮಂದಿರಲ್ಲಿ. ಇನ್ನು ಪ್ರತಿ ಮನೆಗೂ ಒಂದು ಡ್ರೈವ್ ಬೇಕೆಂದಿಲ್ಲ. ಒಂದು ಸಂಸಾರದ ಡಬ್ಬಿ ಬರಿದಾಗಲು ನಾಲ್ಕು ಭಾನುವಾರ ಸಾಕು. ಹಿಂದೆ ವಾಡೆಗೊಂದು ಒರಳು ಇದ್ದಂತೆ ಹತ್ತು ಮನೆಗೊಂದು ಪೆಟ್ಟಿಗೆ ಇದ್ದರಾಯಿತು. ನಮ್ಮದು ಈಗ ಕೆಳಗಿನ ಮನೆಯಲ್ಲಿದೆ. ಕಾಕಾ ತಮ್ಮ ಅರವತ್ತರ ಶಾಂತಿಯನ್ನು ಇಳಿಸಿಕೊಳ್ಳುತ್ತಿದ್ದಾರೆ. ಅವರ ನಂತರ ಇಬ್ಬರು ಹೆಸರು ಹೇಳಿದ್ದಾರೆ. ಬೇಕಾದವರು ಮುಂದಿನ ಮಳೆಗಾಲಕ್ಕೆ ಮೊದಲು ತಿಳಿಸಬೇಕು. ಪೆಟ್ಟಿಗೆಯನ್ನು ಹಿಂತಿರುಗಿಸುವಾಗ ಎರಡು ಬಾಯಿಯ ಕೇಬಲ್ಲನ್ನು ಮರೆಯಬಾರದು.