ಹಿತ್ತಲ ಪಾಠ

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಸಮೀಪದಲ್ಲಿರುವ ವಸ್ತುವಿಗೆ ಆದರವು ಸಲ್ಲುವುದಿಲ್ಲವೆಂಬುದು ಅದರ ತಾತ್ಪರ್ಯವೆಂದು ಶಾಲೆಗಳಲ್ಲಿ ಹೇಳಿಕೊಡುವರು. ಮದ್ದಲ್ಲದಿದ್ದರೆ ಹೋಗಲಿ, ಆ ಗಿಡವು ಅನ್ನಕ್ಕೊದಗುವ ವ್ಯಂಜನವಾದರೂ ಅಹುದೇ ಎಂದು ಎದ್ದುಹೋಗಿ ನೋಡಿದವರು ಮಾತ್ರ ವಿರಳ. ಬಹುಕಾಲ ಹಾಗೆ ನೋಡದೆಯೇ ಇದ್ದು, ಕೊನೆಗೊಮ್ಮೆ ನೋಡಲೇಬೇಕಾಗಿ ಬಂದ ಪಂಡಿತರೊಬ್ಬರ ವೃತ್ತಾಂತವಿದು.

ಪಂಡಿತರು ಮೈಸೂರು ಸೀಮೆಯ ಒಂದು ತಾಲ್ಲೂಕು ಪಟ್ಟಣದ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷಗಳಿಗೂ ಮಿಗಿಲಾಗಿ ಸಂಸ್ಕೃತವನ್ನು ಬೋಧಿಸಿ ವಿಶ್ರಾಂತರಾದವರು. ಬಾಲ್ಯದಲ್ಲಿ ಪಾಠಶಾಲೆಯ ಜಗಲಿಯ ಮೇಲೆ ಕುಳಿತು ಅಮರಕೋಶವನ್ನು ಕಂಠಸ್ಥ ಮಾಡಿದ್ದವರಾದ್ದರಿಂದ ವನೌಷಧಿವರ್ಗದ ಗಿಡಬಳ್ಳಿಗಳ ಹೆಸರುಗಳೆಲ್ಲವೂ ಅವರ ನಾಲಗೆಯ ತುದಿಯಲ್ಲಿದ್ದುವು. ಅನ್ನವನ್ನು ವೃದ್ಧಿಪಡಿಸುವುದನ್ನು ತೈತ್ತಿರೀಯೋಪನಿಷತ್ತು ಒಂದು ವ್ರತವೆಂದೇ ವಿಧಿಸಿರುವುದನ್ನು ಅವರು ಪ್ರತಿವರ್ಷವೂ ಹುಡುಗರಿಗೆ ವಿವರಿಸುತ್ತಿದ್ದರು. ಚಾಲುಕ್ಯರ ಆಶ್ರಯದಲ್ಲಿದ್ದ ಚಾವುಂಡರಾಯನು 1025ರಷ್ಟು ಹಿಂದೆಯೇ ತನ್ನ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೂ ಪಾಕಶಾಸ್ತ್ರಕ್ಕೂ ಒಂದೇ ಗ್ರಂಥದೊಳಗೆ ಎಡೆಗೊಟ್ಟನೆಂಬ ಸಂಗತಿಯೂ ಅವರ ಉಪನ್ಯಾಸಗಳಲ್ಲಿ ತಪ್ಪದೆ ಬರುತ್ತಿತ್ತು. ಆದರೆ ಸ್ವಂತ ಮನೆಯ ಹಿತ್ತಲಿಗೆ ಅವರು ಹೋಗುತ್ತಿದ್ದುದು ಒದ್ದೆ ಪಂಚೆಯನ್ನು ಹರವುವುದಕ್ಕೆ ಮಾತ್ರ.

ಹಿತ್ತಲು ಗೃಹಿಣಿಯ ಆಡಳಿತಕ್ಕೆ ಸೇರಿದ್ದು. ಅದರ ವಿಸ್ತಾರ ಹೆಚ್ಚು ಕಡಮೆ ಒಂದು ಗುಂಟೆ. ಒಂದು ಬಾವಿ, ಪಕ್ಕದಲ್ಲಿ ಒಗೆಯುವ ಕಲ್ಲು, ಬಚ್ಚಲ ನೀರು ಹರಿದುಹೋಗುವ ಕಡೆ ಬಾಳೆ ಮತ್ತು ಕೆಸು, ಮೂಲೆಯಲ್ಲಿ ನುಗ್ಗೆ, ಬಾಗಿಲ ಬಳಿ ಕರಿಬೇವು, ನಡುವೆ ಪಾತಿಗಳು ಮತ್ತು ಒಂದು ಚಪ್ಪರ. ಅಲ್ಲಿಂದ ಒಳಗೆ ಬಂದ ಪದಾರ್ಥವು ಎಲೆಯ ಮೇಲೆ ಬೀಳುತ್ತಿತ್ತು. ಪಂಡಿತರು ಉಂಡು ಏಳುತ್ತಿದ್ದರು. ಆಕೆ 2018ರಲ್ಲಿ ತೀರಿಕೊಂಡರು. ಪಾತಿಗಳು ಒಣಗಿದುವು, ಚಪ್ಪರವು ಕುಸಿಯಿತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ಮಗನು, ಆ ಸ್ಥಳವನ್ನು ಬರಿದೆ ಬಿಡುವುದಕ್ಕಿಂತ ಅಲ್ಲಿ ಎರಡು ಸಣ್ಣ ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಕೊಡುವುದು ಮೇಲೆಂದು ಸಲಹೆಮಾಡಿದನು. ಪಂಡಿತರಿಗೆ ಅದರಲ್ಲಿ ತಪ್ಪು ಕಾಣಲಿಲ್ಲ. 2020ರ ಯುಗಾದಿಗೆ ಬಂದಾಗ ಕಾಗದಪತ್ರಗಳನ್ನು ಸಿದ್ಧಪಡಿಸುವುದೆಂದು ನಿಶ್ಚಯವಾಯಿತು.

ಆ ವರ್ಷ ಶಾರ್ವರಿ ಸಂವತ್ಸರದ ಯುಗಾದಿಯೂ, ಕೊರೋನಾ ವ್ಯಾಧಿಯ ನಿಮಿತ್ತ ದೇಶದ ಬಾಗಿಲುಗಳೆಲ್ಲ ಮುಚ್ಚಿದ ಮೊದಲ ದಿನವೂ ಒಂದೇ ಆಯಿತು: ಮಾರ್ಚಿ 25. ಹಬ್ಬಕ್ಕೆ ಬಂದ ಮಗ, ಸೊಸೆ, ಮೊಮ್ಮಗಳು ಊರಿನಲ್ಲಿಯೇ ನಿಂತರು. ತರಕಾರಿಯ ಮಾರಾಟಕ್ಕೆ ಸರ್ಕಾರದ ಅನುಮತಿಯೇನೋ ಇತ್ತು. ಆದರೆ ವಯಸ್ಸಾದವರು ಹೊರಗೆ ಹೋಗಕೂಡದು, ಸಂತೆ ಸೇರಕೂಡದು, ಗಾಡಿಯವನು ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಮೂರನೆಯ ದಿನಕ್ಕೆ ಅಡಿಗೆಮನೆಯಲ್ಲಿ ಬೇಳೆಯ ಹೊರತು ಬೇರೇನೂ ಉಳಿಯಲಿಲ್ಲ. ಬೇಸರ ಕಳೆಯಲೆಂದು ಪಂಡಿತರು ಕುಡುಗೋಲನ್ನು ಹಿಡಿದು ಹಿತ್ತಲಿನ ಕಳೆಯನ್ನು ಸವರಲು ಹೋದರು.

ಆಗ ಗೋಡೆಯ ಆಚೆಯಿಂದ ಪಕ್ಕದ ಮನೆಯ ವೃದ್ಧೆಯ ಕೂಗು ಕೇಳಿಸಿತು: “ಅಯ್ಯೋ ಮೇಷ್ಟ್ರೇ, ಅದನ್ನ ಕೀಳಬೇಡಿ! ಗಣಿಕೆ ಸೊಪ್ಪು ಅದು. ನಿಮ್ಮ ಮನೆಯವರು ಮಸ್ಸೊಪ್ಪು ಮಾಡಿದರೆ ಎರಡು ಸಲ ಹಾಕಿಸಿಕೊಂಡು ತಿನ್ನುತ್ತಿದ್ದಿರಂತಲ್ಲ!”

ಪಂಡಿತರು ಕುಡುಗೋಲನ್ನು ಕೆಳಗಿಟ್ಟು ಗಿಡವನ್ನು ನೋಡಿದರು. ಸಣ್ಣ ಬಿಳಿಯ ಹೂ, ಮೆಣಸಿನ ಕಾಳಿನಂತಹ ಹಣ್ಣು. ಕೋಶದಲ್ಲಿ ಐದು ದಶಕಗಳಿಂದ ಹೇಳಿಕೊಂಡು ಬಂದ ಕಾಕಮಾಚಿಯೆಂದರೆ ಇದೇ! ಹೆಸರು ಬಾಯಲ್ಲಿತ್ತು, ಸೊಪ್ಪು ಹೊಟ್ಟೆಗೆ ಹೋಗಿತ್ತು, ಗಿಡ ಕಾಲ ಬಳಿಯಲ್ಲಿತ್ತು. ಮೂರಕ್ಕೂ ಇರುವ ಸಂಬಂಧವು ಮಾತ್ರ ಅಂದಿನವರೆಗೆ ಅವರಿಗೆ ತಿಳಿದಿರಲಿಲ್ಲ. ಆ ದಿನ ಅಜ್ಜಿಯು ಗೋಡೆಯ ಮೇಲಿನಿಂದಲೇ ತೋರಿಸುತ್ತ ಹೋದರು: ಇದು ಹೊನಗೊನ್ನೆ, ಅದು ಚಕ್ರಮುನಿ, ಒಗೆಯುವ ಕಲ್ಲಿನ ತಂಪಿನಲ್ಲಿರುವುದು ಒಂದೆಲಗ. ಎರಡು ವರ್ಷ ಯಾರೂ ನೋಡದಿದ್ದ ಹಿತ್ತಲು ಆ ಮನೆಗೆ ಒಂದು ವಾರದ ಸಾರನ್ನು ಒದಗಿಸಿತು.

ಬೀಜವನ್ನು ಹುಡುಕುತ್ತ ಸೊಸೆಯು ಅಡಿಗೆಮನೆಯ ಗೂಡಿನಿಂದ ಒಂದು ಡಬ್ಬಿಯನ್ನು ತೆಗೆದಳು. ಒಳಗೆ ಬೂದಿಯಲ್ಲಿ ಹೊರಳಿಸಿದ ಅವರೆ ಬೀಜ, ಬೀಜದೊಡನೆಯೇ ಒಣಗಿಸಿಟ್ಟಿದ್ದ ಹೀರೆಯ ಕಾಯಿ, ಹತ್ತಾರು ಪೊಟ್ಟಣಗಳು. ಪೊಟ್ಟಣಗಳೆಲ್ಲವೂ ಹುಡುಗರ ಹಳೆಯ ಉತ್ತರಪತ್ರಿಕೆಯ ಹಾಳೆಗಳು. ಒಂದು ಮಗ್ಗುಲಲ್ಲಿ ಪಂಡಿತರ ಕೆಂಪು ಶಾಯಿಯ ತಿದ್ದುಪಡಿ, ಇನ್ನೊಂದು ಮಗ್ಗುಲಲ್ಲಿ ಆಕೆಯ ದುಂಡನೆಯ ಅಕ್ಷರ. “ಹೀರೆ, ಬರಣಿ ಮಳೆಗೆ”, “ಚಪ್ಪರದವರೆ, ಆರಿದ್ರೆ”, “ಹರವೆ, ಯಾವಾಗಾದರೂ, ನೀರಿದ್ದರೆ.” ಭರಣಿಗೆ ಮಹಾಪ್ರಾಣವಿಲ್ಲ. ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನು ಊರಿನ ಮಕ್ಕಳಿಗೆಲ್ಲ ತಿದ್ದಿ ಕಲಿಸಿದವರ ಮನೆಯೊಳಗೆ ಅದು ಅಷ್ಟು ವರ್ಷ ಹಾಗೆಯೇ ಉಳಿದಿತ್ತು. ಪಂಡಿತರು ಆ ಪೊಟ್ಟಣವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಮಾತನಾಡದೆ ಕುಳಿತರು.

ಎರಡು ವರ್ಷದ ಬೀಜಕ್ಕೆ ಜೀವವಿದೆಯೇ ಎಂಬುದು ಮೊದಲ ಪ್ರಶ್ನೆ. ಅಜ್ಜಿಯ ಮಾತಿನಂತೆ ಒಂದೊಂದರಲ್ಲಿ ಹತ್ತು ಹತ್ತು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರು. ಅವರೆಯಲ್ಲಿ ಏಳು, ಹೀರೆಯಲ್ಲಿ ಆರು, ಬೆಂಡೆಯಲ್ಲಿ ಐದು ಮೊಳೆತುವು. ಈರುಳ್ಳಿಯಲ್ಲಿ ಒಂದೂ ಇಲ್ಲ. ಆ ಬೀಜದ ಸತ್ತ್ವವು ಸಾಮಾನ್ಯವಾಗಿ ಒಂದು ವರ್ಷಕ್ಕೆ ಮೇಲ್ಪಟ್ಟು ನಿಲ್ಲತಕ್ಕದ್ದಲ್ಲ. ಅಂಗಡಿಯ ಮಿಶ್ರತಳಿಯ ಬೀಜವಾಗಿದ್ದರೆ ಅದರ ಸಂತತಿಯು ತಾಯಿಯನ್ನು ಹೋಲುವುದಿಲ್ಲವಾದ್ದರಿಂದ ಪ್ರತಿವರ್ಷವೂ ಮತ್ತೆ ಕೊಳ್ಳಬೇಕು. ಇವು ವರ್ಷದಿಂದ ವರ್ಷಕ್ಕೆ ಮನೆಯಲ್ಲಿಯೇ ಉಳಿದು ಬಂದ ನಾಟಿ ತಳಿಗಳು.

ಮುಂದಿನದು ಶಿಷ್ಯದೆಸೆ. ಮೊದಲ ಹರಿವೆಯನ್ನು ಇರುವೆಗಳು ಸಾಲಾಗಿ ಹೊತ್ತೊಯ್ದುವು. ಎರಡನೆಯ ಸಲ ಬೀಜದೊಡನೆ ಅಕ್ಕಿಯ ತರಿಯನ್ನು ಬೆರಸಿದ ಮೇಲೆ ಇರುವೆಗಳು ತರಿಯಿಂದ ತೃಪ್ತವಾಗಿ ಬೀಜವನ್ನು ಬಿಟ್ಟುವು. ತಿಂಗಳಿಗೆ ಸೊಪ್ಪು ಕೊಯ್ಲಿಗೆ ಬಂದಿತು. ಬೆಂಡೆಯು ಐವತ್ತು ದಿನ ತೆಗೆದುಕೊಂಡಿತು. ಸಿಹಿಗುಂಬಳದ ಹೂಗಳು ಬರಿದೆ ಉದುರಿದಾಗ ಅಜ್ಜಿಯೇ ಹೇಳಬೇಕಾಯಿತು: ಬುಡದಲ್ಲಿ ಪುಟ್ಟ ಕಾಯಿಯನ್ನು ಹೊತ್ತಿರುವುದು ಹೆಣ್ಣು ಹೂ, ಇಲ್ಲದ್ದು ಗಂಡು, ಜೇನು ಬಾರದಿದ್ದರೆ ಬೆಳಗಿನ ಜಾವದಲ್ಲಿ ಗಂಡು ಹೂವಿನ ಪರಾಗವನ್ನು ಹೆಣ್ಣಿಗೆ ಸೋಕಿಸಬೇಕು. ಸುತ್ತಿಕೊಂಡು ಬೆಳೆಯುತ್ತಿದ್ದ ಪಡವಲಕಾಯಿಯ ತುದಿಗೆ ಕಲ್ಲು ಕಟ್ಟಿ ನೇರಮಾಡುವುದೊಂದು ಮಾತ್ರ ಪಂಡಿತರಿಗೆ ಯಾರೂ ಹೇಳದೆಯೇ ಒಪ್ಪಿಗೆಯಾಯಿತು. “ತಾತ, ನಿಮ್ಮ ಸ್ಕೂಲಲ್ಲೂ ಹೀಗೇ ಮಾಡುತ್ತಿದ್ದಿರಾ?” ಎಂದು ಮೊಮ್ಮಗಳು ಕೇಳಿದಳು. ಅವರು ಉತ್ತರ ಹೇಳಲಿಲ್ಲ.

ಸ್ವಾವಲಂಬನವೆಂಬ ದೊಡ್ಡ ಮಾತನ್ನು ಆಗ ಎಲ್ಲರೂ ಆಡುತ್ತಿದ್ದರು. ಪಂಡಿತರೂ ಒಂದು ಸಂಜೆ ಉತ್ಸಾಹದಿಂದ, ಇನ್ನು ಪೇಟೆಯ ಹಂಗಿಲ್ಲವೆಂದರು. ಮಗನು ಲೆಕ್ಕವನ್ನು ಬಲ್ಲವನು, ಕಾಗದವನ್ನು ತೆಗೆದುಕೊಂಡನು. ಮಳೆಯಾಶ್ರಯದಲ್ಲಿ ಎಕರೆಗೆ ಆರೇಳು ಕ್ವಿಂಟಾಲ್ ರಾಗಿಯಾದರೆ, ಎಕರೆಗೆ 40 ಗುಂಟೆಯಾದ್ದರಿಂದ, ಹಿತ್ತಲಿನ ಒಂದು ಗುಂಟೆಗೆ ಬರುವುದು 15ರಿಂದ 17 ಕಿಲೋ. ತಲೆಗೆ ದಿನಕ್ಕೆ ಕಾಲು ಕಿಲೋ ಧಾನ್ಯವೆಂದರೂ ನಾಲ್ವರಿಗೆ ಅದು ಒಂದು ಪಕ್ಷದ ಗ್ರಾಸ. ಉಪ್ಪು, ಎಣ್ಣೆ, ಬೇಳೆ, ಹಾಲುಗಳ ಮಾತು ಬೇರೆ. ಬಾಡಿಗೆಯ ಹಣದಿಂದ ಇದರ ಹಲವು ಪಾಲನ್ನು ಕೊಳ್ಳಬಹುದು. ಲೆಕ್ಕದಲ್ಲಿ ದೋಷವಿರಲಿಲ್ಲ. 1965ರಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ವಾರಕ್ಕೊಂದು ಹೊತ್ತಿನ ಊಟವನ್ನು ಬಿಡಿರೆಂದು ಜನರನ್ನು ಕೇಳಿಕೊಂಡುದೂ, ದೇಶದ ಹಸಿವನ್ನು ಹಿತ್ತಲುಗಳು ಮಾತ್ರವೇ ನೀಗಲಾರವೆಂದು ತಿಳಿದೇ ಇರಬೇಕು. ಒಂದು ಗುಂಟೆಯು ಸೊಪ್ಪನ್ನೂ ಕಾಯಿಪಲ್ಯದಲ್ಲಿ ಒಂದು ಪಾಲನ್ನೂ ಕೊಡುವುದು. ಅದಕ್ಕೆ ಮಿಗಿಲಾಗಿ ಹೇಳಿದರೆ ಆತ್ಮವಂಚನೆ.

ಲೆಕ್ಕವು ಮುಗಿದ ಮರುದಿನ ಅಜ್ಜಿಯು ಗೋಡೆಯ ಬಳಿ ಬಂದು ಹೀರೆಯ ಎರಡು ಬೀಜಗಳನ್ನು ಕೇಳಿದರು, ಕುಂಡದಲ್ಲಿ ಹಾಕಿಕೊಳ್ಳುವುದಕ್ಕೆಂದು. ಮಾತಿನ ಮೇಲೆ ತಿಳಿದುಬಂದಿತು: ಆ ತಳಿಯನ್ನು ಪಂಡಿತರ ಮನೆಗೆ ಮೊದಲು ಕೊಟ್ಟವರೇ ಆಕೆ. ಅವರ ಹಿತ್ತಲಿನಲ್ಲಿ ಈಗ ಬಾಡಿಗೆಯ ಎರಡು ಮನೆಗಳಿವೆ; ಗೋಡೆಯವರೆಗೂ ಸಿಮೆಂಟು. ಗಿಡಗಳ ಹೆಸರು, ಮಳೆಯ ನಕ್ಷತ್ರ, ಹುಳುವಿನ ಮದ್ದು ಎಲ್ಲವೂ ಆಕೆಯ ತಲೆಯಲ್ಲಿ ಉಳಿದಿದ್ದುವು. ನೆಡುವುದಕ್ಕೆ ಒಂದು ಗೇಣು ಮಣ್ಣು ಮಾತ್ರ ಉಳಿದಿರಲಿಲ್ಲ. ಬೀಜವನ್ನು ಎಣಿಸಿ ಕೊಟ್ಟವನು ಮಗನೇ. ಅವನು ಆ ದಿನ ಬಾಡಿಗೆಯ ಮಾತನ್ನು ಎತ್ತಲಿಲ್ಲ.

ಮುಂದೆ ಹಿತ್ತಲಿನ ಮೂಡಣ ಪಾರ್ಶ್ವದಲ್ಲಿ ಒಂದು ಕೊಠಡಿಯೇನೋ ಎದ್ದಿತು. ಸಂಸಾರಕ್ಕೆ ಅದರ ಅಗತ್ಯವೂ ಇತ್ತು. ಮಿಕ್ಕ ಭೂಮಿಯು ಮಣ್ಣಾಗಿಯೇ ಉಳಿಯಿತು. ಸ್ವಾವಲಂಬನವೆಂದರೆ ಯಾರ ಹಂಗೂ ಇಲ್ಲದಿರುವುದೆಂಬ ಅರ್ಥವನ್ನು ಪಂಡಿತರು ಈಗ ಬಿಟ್ಟಿರುವರು. ಪಡೆದುದನ್ನು ಮರಳಿ ಕೊಡಲು ಮನೆಯಲ್ಲಿ ಒಂದು ಹಿಡಿ ಬೀಜವಿರುವುದೇ ಅದರ ಅರ್ಥವೆಂದು ಅವರ ಮತ. ಪ್ರತಿ ಬೆಳೆಯಲ್ಲಿಯೂ ಮೊದಲ ಒಳ್ಳೆಯ ಕಾಯಿಯನ್ನು ಕೊಯ್ಯದೆ ಬಳ್ಳಿಯಲ್ಲಿ ಒಣಗಲು ಬಿಡುವರು. ಬೀಜವನ್ನು ಬೂದಿಯಲ್ಲಿ ಹೊರಳಿಸಿ ಪೊಟ್ಟಣ ಕಟ್ಟಿ ಮೇಲೆ ಹೆಸರನ್ನೂ ಮಳೆಯನ್ನೂ ಬರೆಯುವರು. ಹೀರೆಯ ಪೊಟ್ಟಣದ ಮೇಲೆ ಇಂದಿಗೂ “ಬರಣಿ ಮಳೆಗೆ” ಎಂದೇ ಇದೆ. ಅದನ್ನು ಅವರು ತಿದ್ದಿಲ್ಲ.