ಒಬ್ಬರು ಎಚ್ಚರ, ಒಬ್ಬರು ನಿದ್ರೆ

ಹಗಲಿರುಳಿನ ಇಪ್ಪತ್ತನಾಲ್ಕು ಗಂಟೆಯೂ ಗಂಡಹೆಂಡಿರ ನಡುವೆ ನಾಲ್ಕೇ ಅಡಿಯ ಅಂತರವಿದ್ದು, ಆದರೂ ಇಬ್ಬರೂ ಒಮ್ಮೆಗೇ ಎಚ್ಚರವಾಗಿರುವ ಸಮಯ ದಿನಕ್ಕೆ ಕೆಲವೇ ಗಂಟೆ ಎಂಬಂಥ ಸಂಸಾರ ಎಲ್ಲಾದರೂ ಉಂಟೇ ಎಂದು ಕೇಳಿದರೆ, ಅಮೆರಿಕದ ಹೆದ್ದಾರಿಗಳ ಮೇಲೆ ಉಂಟು. ಸರಕು ಸಾಗಿಸುವ ಭಾರೀ ಲಾರಿಯನ್ನು ಪಾಳಿಯಲ್ಲಿ ನಡೆಸುತ್ತ, ಅದರಲ್ಲೇ ಉಂಡು, ಅದರಲ್ಲೇ ಮಲಗಿ, ಬೇರೆ ಮನೆಯೆಂಬುದನ್ನು ಇಟ್ಟುಕೊಳ್ಳದೆ ವರ್ಷಗಳನ್ನು ಕಳೆಯುವ ದಂಪತಿಗಳು ಅಲ್ಲಿದ್ದಾರೆ. ಹೀಗೆ ಇಬ್ಬರು ಸೇರಿ ಒಂದೇ ಗಾಡಿ ನಡೆಸುವವರನ್ನು ಅಲ್ಲಿನ ಸಾರಿಗೆ ಉದ್ಯಮ ‘ಟೀಮ್ ಡ್ರೈವರ್’ಗಳೆಂದು ಕರೆಯುತ್ತದೆ. ಅಣ್ಣತಮ್ಮಂದಿರೂ ಗೆಳೆಯರೂ ಹೀಗೆ ಜೊತೆಯಾಗುವುದುಂಟು. ಆದರೆ ಅಷ್ಟು ಇಕ್ಕಟ್ಟಿನಲ್ಲಿ ಬಹುಕಾಲ ಬಾಳಲು ಸಮ್ಮತಿಸುವವರು ಹೆಚ್ಚಾಗಿ ಗಂಡಹೆಂಡಿರೇ.

ಈ ವ್ಯವಸ್ಥೆಯ ಮೂಲ ಪ್ರೀತಿಯಲ್ಲಿಲ್ಲ, ಕಾನೂನಿನಲ್ಲಿದೆ. ಅಮೆರಿಕದ ನಿಯಮದಂತೆ ಸರಕುಲಾರಿಯ ಚಾಲಕನು ಸತತ 10 ಗಂಟೆಗಳ ವಿಶ್ರಾಂತಿಯ ಬಳಿಕ, ಕೆಲಸ ಆರಂಭಿಸಿದ 14 ಗಂಟೆಗಳೊಳಗೆ, ಹೆಚ್ಚೆಂದರೆ 11 ಗಂಟೆ ಗಾಡಿ ನಡೆಸಬಹುದು. ಹಿಂದೆ ಇದರ ಲೆಕ್ಕವನ್ನು ಕಾಗದದ ಪುಸ್ತಕದಲ್ಲಿ ಬರೆದಿಡುತ್ತಿದ್ದರು, ಬರೆದದ್ದೆಲ್ಲ ನಿಜವಾಗಿರಬೇಕೆಂದೇನೂ ಇರಲಿಲ್ಲ. 2017ರ ಡಿಸೆಂಬರಿನಿಂದ ಬಹುತೇಕ ಲಾರಿಗಳ ಎಂಜಿನ್ನಿಗೇ ಜೋಡಿಸಿದ ವಿದ್ಯುನ್ಮಾನ ಯಂತ್ರ ಆ ಲೆಕ್ಕವನ್ನಿಡುತ್ತದೆ. ಅದರ ಕಣ್ಣು ತಪ್ಪಿಸುವುದು ಸುಲಭವಲ್ಲ. ಸ್ಯಾನ್ ಫ್ರಾನ್ಸಿಸ್ಕೋದಿಂದ ನ್ಯೂಯಾರ್ಕ್ ಸಮೀಪದವರೆಗೆ ಸಾಗುವ 80ನೆಯ ಅಂತರರಾಜ್ಯ ಹೆದ್ದಾರಿಯ ಉದ್ದ ಸುಮಾರು 4,600 ಕಿಲೋಮೀಟರ್. ಒಬ್ಬನೇ ಚಾಲಕನಾದರೆ ಐದು ದಿನ ಬೇಕು. ಇಬ್ಬರಿದ್ದು, ಒಬ್ಬರ ವಿಶ್ರಾಂತಿಯ ಹೊತ್ತಿನಲ್ಲಿ ಇನ್ನೊಬ್ಬರು ನಡೆಸಿದರೆ ಮೂರು ದಿನದೊಳಗೆ ಮುಟ್ಟಬಹುದು. ಕ್ಯಾಲಿಫೋರ್ನಿಯಾದ ಸ್ಟ್ರಾಬೆರಿಗೆ ಆ ಎರಡು ದಿನಗಳ ಬೆಲೆ ಗೊತ್ತು. ಕೂಲಿ ಬಹುಮಟ್ಟಿಗೆ ಮೈಲಿಯ ಲೆಕ್ಕದಲ್ಲಿ ಸಿಗುವುದರಿಂದ, ಚಕ್ರ ನಿಂತರೆ ಸಂಪಾದನೆಯೂ ನಿಂತಂತೆ. ಆದ್ದರಿಂದ ಒಂದು ಸಂಸಾರವು ತನ್ನನ್ನು ಹಗಲುಪಾಳಿ, ಇರುಳುಪಾಳಿ ಎಂದು ಎರಡಾಗಿ ಹಂಚಿಕೊಳ್ಳುತ್ತದೆ.

ಹೊಸದಾಗಿ ಈ ಬದುಕಿಗೆ ಬಂದವರಿಗೆ ಗಾಡಿ ನಡೆಸುವುದಕ್ಕಿಂತ ಕಠಿಣವಾಗುವುದು ನಿದ್ರಿಸುವುದು. ಚಾಲಕನ ಆಸನದ ಹಿಂದೆ, ಒಂದು ಪರದೆಯ ಆಚೆ, ಹಾಸಿಗೆಯಿದೆ. ಅದರ ಉದ್ದ 75 ಅಂಗುಲಕ್ಕೂ ಅಗಲ 24 ಅಂಗುಲಕ್ಕೂ ಕಡಿಮೆಯಿರಬಾರದೆಂದು ನಿಯಮವೇ ಹೇಳುತ್ತದೆ. ದೊಡ್ಡ ಲಾರಿಗಳಲ್ಲಿ ಇದಕ್ಕಿಂತ ವಿಶಾಲವಾಗಿಯೇ ಇರುತ್ತದೆ. ಗಾಡಿ ಹಠಾತ್ತನೆ ನಿಂತಾಗ ಮಲಗಿದವರು ಎಸೆಯಲ್ಪಡದಂತೆ ತಡೆಯುವ ಪಟ್ಟಿ ಅಥವಾ ಬಲೆಯೊಂದು ಆ ಹಾಸಿಗೆಗೆ ಇರಲೇಬೇಕು. ಸರಕು ಸೇರಿ 36 ಟನ್‌ಗಳಷ್ಟು ತೂಗಬಹುದಾದ ಗಾಡಿ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ವಯೋಮಿಂಗಿನ ಹಿಮಗಾಳಿಯ ನಡುವೆ ಇಳಿಜಾರಿನಲ್ಲಿ ಧಾವಿಸುತ್ತಿರುವಾಗ ಆ ಬಲೆಯೊಳಗೆ ಕಣ್ಣು ಮುಚ್ಚಿ ಮಲಗುವುದೆಂದರೇನು? ಚುಕ್ಕಾಣಿ ಹಿಡಿದವರ ಕೈಗೆ ತನ್ನ ಜೀವವನ್ನು ಒಪ್ಪಿಸುವುದು. ಮದುವೆಯ ಮಂತ್ರಗಳಲ್ಲಿ ನಂಬಿಕೆಯ ಮಾತು ಎಷ್ಟೋ ಬರುತ್ತದೆ, ಆದರೆ ಅದನ್ನು ದಿನನಿತ್ಯ ಮೈಯಿಂದಲೇ ಹೀಗೆ ಪರೀಕ್ಷಿಸುವ ಜೀವನಕ್ರಮಗಳು ವಿರಳ. ಮೊದಲ ವಾರಗಳಲ್ಲಿ ಪ್ರತಿ ಬ್ರೇಕಿಗೂ ಎಚ್ಚರವಾಗುತ್ತದೆ. ಪರದೆ ಸರಿಸಿ ‘ಏನಾಯಿತು’ ಎಂದು ಕೇಳುವುದು, ಆಚೆಯಿಂದ ‘ಏನಿಲ್ಲ, ಮಲಗು’ ಎಂಬ ಉತ್ತರ ಬರುವುದು. ಹೀಗೆ ನಿದ್ದೆಗೆಟ್ಟವರೇ ಮುಂದಿನ ಪಾಳಿಯಲ್ಲಿ ಗಾಡಿ ನಡೆಸಬೇಕಲ್ಲವೇ? ಅಲ್ಲಿಗೆ ಅಪನಂಬಿಕೆಯೇ ಅಪಾಯವಾಗುತ್ತದೆ. ಮಲಗಲಾರದೆ ಆರೇ ತಿಂಗಳಲ್ಲಿ ಬಿಟ್ಟುಹೋಗುವ ಜೋಡಿಗಳೂ ಇವೆ. ಉಳಿದವರು ಕಾಲಕ್ರಮದಲ್ಲಿ ಒಂದು ವಿದ್ಯೆಯನ್ನು ಕಲಿಯುತ್ತಾರೆ: ಹಿಂದೆ ಮಲಗಿದವರಿಗಾಗಿ ಬ್ರೇಕನ್ನು ಮೆಲ್ಲನೆ ಒತ್ತುವುದು, ಹೊಂಡವನ್ನು ದೂರದಿಂದಲೇ ಗುರುತಿಸಿ ತಪ್ಪಿಸುವುದು. ಯಾವ ಪರವಾನಗಿ ಪರೀಕ್ಷೆಯಲ್ಲೂ ಇದಕ್ಕೆ ಅಂಕವಿಲ್ಲ.

ಹಾಗಾದರೆ ಅವರು ಮಾತನಾಡುವುದು ಯಾವಾಗ? ಇದಕ್ಕೂ ಆ ನಿಯಮಾವಳಿಯಲ್ಲಿ ಒಂದು ಸಾಲಿನಷ್ಟು ಸ್ಥಳವಿದೆ. ವಿಶ್ರಾಂತಿಯ 10 ಗಂಟೆಗಳಲ್ಲಿ ಕನಿಷ್ಠ 7 ಗಂಟೆ ಹಾಸಿಗೆಯಲ್ಲೇ ಇದ್ದರೆ, ಅದರ ಹಿಂದೆಯೋ ಮುಂದೆಯೋ 3 ಗಂಟೆಯವರೆಗೆ ಚಲಿಸುವ ಗಾಡಿಯ ಪಕ್ಕದ ಆಸನದಲ್ಲಿ ಕುಳಿತಿರುವುದನ್ನು ಕೆಲಸವೆಂದು ಎಣಿಸುವುದಿಲ್ಲ. ನಿಯಮ ಬರೆದವರು ದಾಂಪತ್ಯವನ್ನು ನೆನೆದು ಅದನ್ನು ಬರೆದಿರಲಾರರು. ಆದರೂ ಆ ಮೂರು ಗಂಟೆಗಳೇ ಈ ಸಂಸಾರದ ಜಗಲಿ. ಫ್ಲಾಸ್ಕಿನ ಕಾಫಿ, ದೂರದ ಮಗಳಿಗೆ ಫೋನು, ಉಳಿತಾಯದ ಲೆಕ್ಕ, ನೆಬ್ರಾಸ್ಕಾದ ಕೊನೆಯಿಲ್ಲದ ಜೋಳದ ಹೊಲಗಳು. ಒಬ್ಬರ ಕಣ್ಣು ರಸ್ತೆಯ ಮೇಲೆಯೇ ಇರಬೇಕಾದ್ದರಿಂದ ಮುಖ ನೋಡಿ ಮಾತನಾಡುವುದು ಇಲ್ಲಿಲ್ಲ. ಮುಖ ನೋಡಿ ಹೇಳಲಾಗದ ಕೆಲವು ಮಾತುಗಳು ಆಗ ಸುಲಭವಾಗುತ್ತವೆ.

ಅಡುಗೆಗೆ ಪುಟ್ಟ ವಿದ್ಯುತ್ ಒಲೆ, ಬ್ಯಾಟರಿಯ ಬಲದಿಂದ ನಡೆಯುವ ಚಿಕ್ಕ ತಂಪುಪೆಟ್ಟಿಗೆ. ಸ್ನಾನಕ್ಕೆ ಲಾರಿ ನಿಲ್ದಾಣಗಳೇ ಗತಿ. ಡೀಸೆಲ್ ತುಂಬಿಸಿದ್ದಕ್ಕೆ ಪ್ರತಿಯಾಗಿ ಉಚಿತ ಸ್ನಾನದ ಸೌಲಭ್ಯ ಅಲ್ಲಿ ಸಿಗುತ್ತದೆ. ಲಾರಿ ವೃತ್ತಿಯಲ್ಲಿ ಪಂಜಾಬಿ ಮೂಲದವರು ಬಹಳ ಸಂಖ್ಯೆಯಲ್ಲಿರುವುದರಿಂದ, ಈಚೆಗೆ ಆ ಹೆದ್ದಾರಿಗಳ ಪಕ್ಕದಲ್ಲಿ ಢಾಬಾಗಳೂ ತಲೆಯೆತ್ತಿವೆ. ಮರುಭೂಮಿಯ ನಡುವೆ ಬಿಸಿ ರೊಟ್ಟಿ, ದಾಲ್ ದೊರೆಯುತ್ತದೆ.

ಇಂಥ ಬದುಕನ್ನು ಆರಿಸಿಕೊಳ್ಳುವುದೇಕೆ? ಒಂದು ಕಾರಣ ಹಣ. ಮನೆಯ ಬಾಡಿಗೆಯಿಲ್ಲ, ಎರಡು ಸಂಪಾದನೆ. ಇನ್ನೊಂದು, ಎಷ್ಟೋ ವರ್ಷ ಮನೆಯಲ್ಲಿ ಕಾದು ಕುಳಿತ ಹೆಂಡತಿಯ ಬೇಸರ. ಗಂಡ ಎಲ್ಲಿ ನಿಲ್ಲಿಸಿದ್ದಾನೆ, ಸುರಕ್ಷಿತವಾಗಿದ್ದಾನೆಯೇ ಎಂಬ ಆತಂಕ ನಿರಾಧಾರವಾದುದಲ್ಲ. 2009ರಲ್ಲಿ ಜೇಸನ್ ರಿವೆನ್‌ಬರ್ಗ್ ಎಂಬ ಚಾಲಕ, ನಿಲ್ಲಲು ಸುರಕ್ಷಿತ ಸ್ಥಳ ಸಿಗದೆ ಪಾಳುಬಿದ್ದ ಪೆಟ್ರೋಲ್ ಬಂಕಿನಲ್ಲಿ ಲಾರಿ ನಿಲ್ಲಿಸಿದ್ದಾಗ ಕೊಲೆಯಾದ. ಲಾರಿ ನಿಲುಗಡೆಗೆ ಸುರಕ್ಷಿತ ತಾಣಗಳಿಗಾಗಿ ಅವನ ಪತ್ನಿ ಹೋರಾಡಿದಳು. 2012ರಲ್ಲಿ ಬಂದ ಕಾನೂನಿಗೆ ಅವನದೇ ಹೆಸರು. ಇಂಥ ಸುದ್ದಿ ಓದಿದ ಹೆಂಗಸು ತಾನೂ ಪರವಾನಗಿ ಪಡೆದು ಪಕ್ಕದ ಆಸನವೇರಿದರೆ ಆಶ್ಚರ್ಯವಿಲ್ಲ.

ಹೆಣ್ಣು ಲಾರಿ ನಡೆಸುವುದು ಅಲ್ಲಿಯೂ ನಿನ್ನೆ ಮೊನ್ನೆಯ ಮಾತಲ್ಲ. ಟೆಕ್ಸಾಸಿನ ಲಿಲ್ಲಿ ಡ್ರೆನನ್ ಎಂಬಾಕೆ 1928ರಲ್ಲಿ ಗಂಡನೊಡನೆ ಲಾರಿ ವ್ಯಾಪಾರ ಆರಂಭಿಸಿ, ಮರುವರ್ಷ ಚಾಲಕಿಯ ಪರವಾನಗಿ ಪಡೆದಳು. ಕಿವಿ ಮಂದವೆಂಬ ಆಕ್ಷೇಪವನ್ನು ವಾದಿಸಿ ಗೆದ್ದಳು. ಮದುವೆ ಮುರಿಯಿತು, ಲಾರಿಗಳು ಮಾತ್ರ ಅವಳ ಒಡೆತನದಲ್ಲಿ ಬಹುಕಾಲ ಓಡಿದವು. ಎಲ್ಲ ಜೋಡಿಗಳ ಕತೆಯೂ ಮಧುರವೆಂದು ಭಾವಿಸುವವರು ಇದನ್ನೂ ನೆನೆಯಬೇಕು.

ಇತ್ತ ಹೊಸೂರಿನ ಮೂಲಕ ಹಾಯುವ 44ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಾಗಲಿ, ಸೊಲ್ಲಾಪುರದ ದಾರಿಯಲ್ಲಾಗಲಿ ಲಾರಿಯ ಸಂಸಾರ ಬೇರೆ ಬಗೆಯದು. ಚಾಲಕನ ಜೊತೆ ಇರುವವನು ಕ್ಲೀನರ್. ಹೆಂಡತಿ ಮಕ್ಕಳು ಪ್ರಯಾಣ ಮಾಡುವುದು ಲಾರಿಯ ಹಣೆಯ ಮೇಲೆ ಬಣ್ಣದಲ್ಲಿ ಬರೆದ ಹೆಸರುಗಳಾಗಿ ಮಾತ್ರ. ಭಾರೀ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾದದ್ದೇ 2025ರ ಅಕ್ಟೋಬರಿನಿಂದ, ಅದೂ ಹೊಸದಾಗಿ ತಯಾರಾಗುವ ಗಾಡಿಗಳಿಗೆ. ಸಂಸಾರ ಹೂಡುವ ಮಾತು ಹಾಗಿರಲಿ, ಹೆಂಗಸೊಬ್ಬಳು ನಿಶ್ಚಿಂತೆಯಿಂದ ಬಳಸಬಹುದಾದ ಶೌಚಾಲಯವೇ ಆ ದಾರಿಗಳಲ್ಲಿ ದೂರ ದೂರ. ಎರಡೂ ದೇಶಗಳಲ್ಲಿ ಸಮಾನವಾಗಿರುವುದು ಒಂದೇ: ಶಾಲೆಗೆ ಹೋಗುವ ಮಗುವಿದ್ದರೆ ಇಬ್ಬರೂ ಹೊರಡುವಂತಿಲ್ಲ. ಅಮೆರಿಕದಲ್ಲಿಯೂ ಈ ಜೋಡಿಗಳಲ್ಲಿ ಅನೇಕರು ಮಕ್ಕಳು ದೊಡ್ಡವರಾಗಿ ಮನೆ ಬಿಟ್ಟ ಮೇಲೆ ರಸ್ತೆಗಿಳಿದವರು. ಅಲ್ಲಿಯವರೆಗೆ ಶಾಲೆಯ ಗಂಟೆಯೇ ಸಂಸಾರವನ್ನು ಒಂದು ಊರಿಗೆ ಕಟ್ಟಿಹಾಕಿರುತ್ತದೆ. ಮಗ್ಗಿ ಒಪ್ಪಿಸಿಕೊಳ್ಳಲು ಒಬ್ಬರಾದರೂ ಮನೆಯಲ್ಲಿರಬೇಕು.

ಮನೆ ಬಿಟ್ಟವರನ್ನು ವಿಳಾಸ ಬಿಡುವುದಿಲ್ಲ. ಚಾಲನಾ ಪರವಾನಗಿ ಯಾವುದಾದರೊಂದು ರಾಜ್ಯದ್ದಾಗಿರಬೇಕು, ಆ ರಾಜ್ಯವೇ ತನ್ನ ನೆಲೆಯೆಂದು ತೋರಿಸಬೇಕು. ತೆರಿಗೆ, ಬ್ಯಾಂಕು, ಮತದಾನ ಎಲ್ಲವೂ ಒಂದು ಬಾಗಿಲಸಂಖ್ಯೆಯನ್ನು ಕೇಳುತ್ತವೆ. ಕೆಲವರು ಮಗಳ ಮನೆಯ ವಿಳಾಸ ಕೊಡುತ್ತಾರೆ. ಅಂಚೆಯನ್ನು ಸ್ವೀಕರಿಸಿ ಮುಂದಕ್ಕೆ ಕಳುಹಿಸುವುದನ್ನೇ ವೃತ್ತಿಯಾಗಿಸಿಕೊಂಡ ಸಂಸ್ಥೆಗಳನ್ನು ಕೆಲವರು ಆಶ್ರಯಿಸುತ್ತಾರೆ. ‘ನಿಮ್ಮ ಊರು ಯಾವುದು?’ ಎಂದು ಯಾರಾದರೂ ಕೇಳಿದರೆ ಉತ್ತರ ಕೊಡಲು ಅವರಿಗೆ ಒಂದು ಕ್ಷಣ ಬೇಕಾಗುತ್ತದೆ. ಬದುಕುವ ನೆಲ ಒಂದು, ದಾಖಲೆಯ ನೆಲ ಇನ್ನೊಂದು, ಮನಸ್ಸಿನ ನೆಲ ಮತ್ತೊಂದು ಆಗುವ ಅನುಭವ ಗಡಿಯ ಮೇಲಿನ ಜನಕ್ಕೆ ತೀರ ಅಪರಿಚಿತವಲ್ಲ.

ಜಗಳವಾದರೆ ಎದ್ದು ಹೋಗಲು ಹಿತ್ತಿಲಿಲ್ಲ. ಬಾಗಿಲು ಬಡಿಯೋಣವೆಂದರೆ ಇರುವುದು ಪರದೆ. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರ ಹನ್ನೊಂದು ಗಂಟೆಗಳಿಂದ ಸರಕು ಸಮಯಕ್ಕೆ ಮುಟ್ಟುವುದಿಲ್ಲ. ದೂರದ ಊರಿನಲ್ಲಿ ತಾಯಿ ತೀರಿಕೊಂಡ ಸುದ್ದಿ ಬಂದಾಗ ಲಾರಿ ಮುಖ ಮಾಡಿರುವುದು ವಿರುದ್ಧ ದಿಕ್ಕಿಗಾದರೆ, ಮೊದಲು ಸರಕನ್ನು ಇಳಿಸಿ ಆಮೇಲೆ ಅಳಬೇಕಾಗುತ್ತದೆ.

ಅದೇ ಕಾನೂನು ವಾರಕ್ಕೊಮ್ಮೆ ಎಂಬಂತೆ ಅವರನ್ನು ನಿಲ್ಲಿಸುತ್ತದೆ ಕೂಡ. ದಿನವೂ ಲಾರಿ ಓಡಿಸುವ ಸಂಸ್ಥೆಗಳಲ್ಲಿ ಎಂಟು ದಿನಗಳಲ್ಲಿ 70 ಗಂಟೆ ದುಡಿದ ಚಾಲಕರು ಮತ್ತೆ ಗಾಡಿ ನಡೆಸುವಂತಿಲ್ಲ; ಸತತ 34 ಗಂಟೆ ವಿರಮಿಸಿದರೆ ಆ ಲೆಕ್ಕ ಶೂನ್ಯದಿಂದ ಆರಂಭವಾಗುತ್ತದೆ. ಆಗ ಯಾವುದೋ ಊರಿನ ಅಂಚಿನಲ್ಲಿ, ನೂರಾರು ಲಾರಿಗಳ ಸಾಲಿನಲ್ಲಿ, ಎಂಜಿನ್ ಆರಿಸಿ ಇಬ್ಬರೂ ಒಂದೇ ಹೊತ್ತಿಗೆ ಮಲಗುತ್ತಾರೆ. ಬಹುದಿನಗಳಿಂದ ಬಯಸಿದ ಈ ರಾತ್ರಿಯಲ್ಲಿ ನಿದ್ದೆ ಬೇಗ ಹತ್ತುವುದಿಲ್ಲ. ಹಾಸಿಗೆ ಅಲುಗುತ್ತಿಲ್ಲ, ಚಕ್ರದ ಸದ್ದಿಲ್ಲ, ಮುಂದಿನ ಆಸನ ಖಾಲಿಯಿದೆ. ನಡುರಾತ್ರಿಯಲ್ಲಿ ಒಬ್ಬರು ಬೆಚ್ಚಿ ಎದ್ದು ಕುಳಿತು, ‘ಗಾಡಿ ಯಾರು ನಡೆಸುತ್ತಿದ್ದಾರೆ?’ ಎಂದು ಕೇಳುತ್ತಾರೆ. ಪಕ್ಕದಿಂದಲೇ ಉತ್ತರ ಬರುತ್ತದೆ.