ಮೂಲೆಯ ಒಂಟೆ

ಮೈಸೂರಿನವರಿಗೆ ಚದುರಂಗದ ವಿಷಯದಲ್ಲಿ ಸ್ವಲ್ಪ ಜಂಬವಿದ್ದರೆ ತಪ್ಪೇನೂ ಅಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಒಂದು ಕುದುರೆಯನ್ನು ಹಲಗೆಯ 64 ಮನೆಗಳಿಗೂ ಒಂದೊಂದೇ ಸಲ ಸುತ್ತಿಸುವ ಬಂಧಗಳನ್ನು ರಚಿಸಿದವರು. 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ತೇಜ್‌ಕುಮಾರರೂ ಈ ಊರಿನವರೇ. ನನ್ನ ಜಂಬಕ್ಕೆ ಮಾತ್ರ ಇಂಥ ಆಧಾರ ಯಾವುದೂ ಇರಲಿಲ್ಲ.

ನನಗೆ ಆಟ ಕಲಿಸಿದವರು ತಾತ, ಅಗ್ರಹಾರದ ಮನೆಯ ಜಗಲಿಯ ಮೇಲೆ. ಅವರದು ಹಳೆಯ ಕಟ್ಟಳೆ: ಕಾಲಾಳಿಗೆ ಮೊದಲ ನಡೆಯಲ್ಲೂ ಒಂದೇ ಮನೆ, ರಾಜನಿಗೆ ಒಮ್ಮೆ ಕುದುರೆಯಂತೆ ನೆಗೆಯುವ ಹಕ್ಕು. ಕಾಲಾಳನ್ನು ಒಂದು ಮನೆ ಮುಂದಿಟ್ಟು, ಅದರ ಹಿಂದೆ ಒಂಟೆಯನ್ನು ಕೂರಿಸಿ, ನಶ್ಯದ ಡಬ್ಬಿ ತೆರೆಯುವರು. ಹೈಸ್ಕೂಲಿನಲ್ಲಿ ಪುಸ್ತಕ ನೋಡಿ ಎರಡು ಮನೆ ಹಾರಿಸಲು ಕಲಿತ ನಾನು, "ತಾತ, ಇದು ಎತ್ತಿನ ಗಾಡಿ ಆಟ. ಈಗ ಯಾರೂ ಹೀಗೆ ಆಡೋಲ್ಲ" ಎಂದುಬಿಟ್ಟೆ. ಅವರು ಕೋಪಿಸಿಕೊಳ್ಳಲಿಲ್ಲ. "ಹಾಗಾದರೆ ನಿನ್ನ ಜೊತೆಯವರ ಹತ್ತಿರ ಆಡಪ್ಪ" ಎಂದು ಕಾಯಿಗಳನ್ನು ಚೀಲಕ್ಕೆ ತುಂಬಿದರು. ಮತ್ತೆ ಆಟಕ್ಕೆ ಕರೆಯಲಿಲ್ಲ, ನಾನೂ ಕೇಳಲಿಲ್ಲ.

ನಿವೃತ್ತನಾದ ಮೇಲೆ, ಹೊತ್ತು ಹೋಗದೆ, ನಗರದ ಒಂದು ಪಂದ್ಯಾವಳಿಗೆ ಹೆಸರು ಕೊಟ್ಟೆ. ಎದುರಾಳಿ ಹನ್ನೊಂದರ ಹುಡುಗ. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ನಾನು ಬಿಳಿಯ ಕಾಯಿ ಹಿಡಿದು, ಮೂರು ಕಾಲಾಳುಗಳನ್ನು ಎರಡೆರಡು ಮನೆ ನುಗ್ಗಿಸಿ, ಹಲಗೆಯ ನಡುಭಾಗವನ್ನೆಲ್ಲ ಆಕ್ರಮಿಸಿದೆ. ಅವನಾದರೋ ಕುದುರೆಯನ್ನು ಹೊರಡಿಸಿ, ಕಾಲಾಳನ್ನು ಒಂದೇ ಮನೆ ಸರಿಸಿ, ಅದರ ಹಿಂದೆ ಒಂಟೆಯನ್ನು ಕೂರಿಸಿ, ನೀರಿನ ಬಾಟಲಿಯ ಮುಚ್ಚಳ ತೆರೆದ. ಪಾಪ ಎನ್ನಿಸಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಕಾಲಾಳನ್ನು ನನ್ನ ಮುಂದೊಡ್ಡಿದ. ನಾನು ಆಸೆಯಿಂದ ಹೊಡೆದೆ. ನಡುವಣ ಗೋಡೆ ಬಿತ್ತು. ಮೂಲೆಯ ಒಂಟೆಗೆ ಆಚೆ ಮೂಲೆಯವರೆಗೂ ದಾರಿಯಾಯಿತು. ಮೊದಲು ಕುದುರೆ ಹೋಯಿತು, ಆಮೇಲೆ ಅದರ ಹಿಂದಿದ್ದ ಆನೆ. ಸೋಲೊಪ್ಪಿ ಕೈಕುಲುಕಿದೆ.

"ಇದು ಯಾವ ಆಟವಪ್ಪ?"

"ಕಿಂಗ್ಸ್ ಇಂಡಿಯನ್ ಡಿಫೆನ್ಸ್, ತಾತ."

ಮನೆಗೆ ಬಂದು ಆ ಹೆಸರಿನ ಮೂಲ ಹುಡುಕಿದೆ. 1850ರ ದಶಕದಲ್ಲಿ ಕಲ್ಕತ್ತೆಯಲ್ಲಿ ಜಾನ್ ಕಾಕ್ರೇನ್ ಎಂಬ ಬ್ಯಾರಿಸ್ಟರರ ಎದುರು ಮಹೇಶಚಂದ್ರ ಬ್ಯಾನರ್ಜಿ ಹೀಗೆಯೇ ಆಡುತ್ತಿದ್ದರಂತೆ. ಕಾಲಾಳು ಒಂದೇ ಮನೆ ನಡೆಯುವ ದೇಶೀ ಆಟದಿಂದ ಬಂದ ರೂಢಿ ಅದು. 'ಇಂಡಿಯನ್' ಎಂಬ ಹೆಸರು ಅದಕ್ಕೇ. ಸುಮಾರು 100 ವರ್ಷಗಳ ಮೇಲೆ ಬ್ರಾನ್‌ಸ್ಟೈನ್, ಬೊಲೆಸ್ಲಾವ್‌ಸ್ಕಿ ಎಂಬ ಸೋವಿಯತ್ ಆಟಗಾರರು ಅದನ್ನೇ ಹಿಡಿದು ದೊಡ್ಡ ದೊಡ್ಡವರನ್ನು ಸೋಲಿಸಿದರು. ಆ ಎತ್ತಿನ ಗಾಡಿ ಮಾಸ್ಕೋ ಮುಟ್ಟಿ ಬಂದಿತ್ತು. ನಾನು ಜಗಲಿಯಲ್ಲೇ ಅದರಿಂದ ಇಳಿದುಬಿಟ್ಟಿದ್ದೆ.

ಅಟ್ಟದಿಂದ ಚೀಲ ಇಳಿಸಿದೆ. ಬಿಚ್ಚಿದರೆ ಇನ್ನೂ ನಶ್ಯದ ವಾಸನೆ. ಬರುವ ಭಾನುವಾರ ಆ ಹುಡುಗನನ್ನು ಮನೆಗೆ ಕರೆದಿದ್ದೇನೆ. ಕಾಲಾಳಿಗೆ ಒಂದೇ ಮನೆ ಎಂದು ಮೊದಲೇ ಹೇಳಿಯೂ ಇದ್ದೇನೆ.